ಚರ್ಚಿನ ಚಾವಣಿಯಿಂದ ಪುಟ್ಟ ಹಡಗು ಯಾಕೆ ತೂಗಾಡುತ್ತದೆ?

ಅದು ಸುಮ್ನೆ ಅಲಂಕಾರಕ್ಕಲ್ಲ, ಹೆಚ್ಚಾಗಿ ಹರಕೆ. ಬಿರುಗಾಳಿಗೆ ಸಿಕ್ಕ ನಾವಿಕರು 'ಬದುಕಿ ದಡ ಸೇರಿದರೆ ಹಡಗು ಒಪ್ಪಿಸುತ್ತೇವೆ' ಅಂತ ಹೊತ್ತುಕೊಳ್ಳುತ್ತಿದ್ದರು. ನಮ್ಮಲ್ಲಿ ಬೆಳ್ಳಿಯ ಕಣ್ಣು, ತೊಟ್ಟಿಲು ಒಪ್ಪಿಸುವ ಹಾಗೇ, ಅಲ್ವಾ? ಫ್ರಾನ್ಸಿನ ಮಾರ್ಸೇಯಲ್ಲಿ ಗುಡ್ಡದ ಮೇಲಿರುವ ನಾತ್ರ್‌ದಾಮ್ ದ ಲಾ ಗಾರ್ದ್ ಚರ್ಚಿನಲ್ಲಿ ಇಂಥವು ಸಾಲಾಗಿ ತೂಗುತ್ತವೆ.

ಡೆನ್ಮಾರ್ಕಿನಲ್ಲಂತೂ ಇವು ತುಂಬಾ ಜಾಸ್ತಿ. ಅಲ್ಲಿನವರು ಹರಕೆ ಹೊರುವುದನ್ನು ಒಪ್ಪದ ಪ್ರಾಟೆಸ್ಟಂಟ್ ಕ್ರೈಸ್ತ ಪಂಥಕ್ಕೆ ಸೇರಿದ ಮೇಲೆ ಹರಕೆಯ ಅರ್ಥ ಹಿಂದೆ ಸರಿಯಿತು. ಊರಿನ ನಾವಿಕರ ಸಂಘಗಳು ಕಾಣಿಕೆಯಾಗಿ ಕೊಡತೊಡಗಿದವು. ಸಾಮಾನ್ಯವಾಗಿ ಹಡಗಿನ ಮೂತಿ ಆಲ್ಟರ್ (ಚರ್ಚಿನ ಪೂಜಾಪೀಠ) ಕಡೆಗಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಅಳತೆ ತಪ್ಪಿದಂತೆ ಕಾಣುತ್ತದೆ. ಕೆಳಗೆ ನಿಂತು ನೋಡುವವರಿಗೆ ಚೆನ್ನಾಗಿ ಕಾಣಲಿ ಅಂತ ಹಗ್ಗ, ಕಂಬ, ಫಿರಂಗಿಗಳನ್ನು ಬೇಕಂತಲೇ ದಪ್ಪ ಮಾಡುತ್ತಿದ್ದರು.

ಸುಮಾರು 1450ರ ಕಾಲದ, ಸ್ಪೇನಿನ ಮತರೋ ಊರಿನ ಹರಕೆ ಹಡಗೊಂದು ಈಗಲೂ ಉಳಿದಿದೆ, ರಾಟರ್‌ಡ್ಯಾಮಿನ ಮ್ಯೂಸಿಯಮ್ಮಿನಲ್ಲಿ.