ಏನಂತ ಬರೆಯಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಾಲಾ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ‘ಅಂಗವಿಕಲರಿಗೆ ಪ್ರತ್ಯೇಕ ಆಸನ’ ಎಂದು ಹಾಕಿಸಿದ್ದೆವು. ‘ದಿವ್ಯಾಂಗ’ ಅನ್ನಬೇಕಿತ್ತು ಎಂದರು ಕೆಲವರು, ‘ವಿಶೇಷಚೇತನ’ ಎಂದರು ಇನ್ನು ಕೆಲವರು. ಯಾವುದು ಸರಿ?
– ಓದುಗರು, ಶಿರಸಿ

ಉತ್ತರ: ಅರ್ಜಿಯ ಮಾತು ಬೇರೆ, ಆಮಂತ್ರಣದ ಮಾತು ಬೇರೆ. ಅರ್ಜಿಯಲ್ಲಿ ನಮೂನೆಯ ಮೇಲೆ ಅಚ್ಚಾಗಿರುವ ಪದವನ್ನೇ ಇಟ್ಟುಕೊಳ್ಳಿ. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲೇ ‘ವಿಕಲಚೇತನ’ ಇದೆ. ಅಲ್ಲಿ ಪದದ ಅಂದಕ್ಕಿಂತ ವರ್ಗ ಮುಖ್ಯ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಇವೆ. ಬರೀ ‘ಅಂಗವಿಕಲ’ ಎಂದು ಬರೆದರೆ ‘ಯಾವ ವರ್ಗ, ಶೇಕಡಾ ಎಷ್ಟು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಹಳೆಯ ಪ್ರಮಾಣಪತ್ರಗಳಲ್ಲಿ ‘ಬುದ್ಧಿಮಾಂದ್ಯ’ ಎಂದಿರುವುದನ್ನು ಈಗ ‘ಬೌದ್ಧಿಕ ಅಂಗವೈಕಲ್ಯ’ ಎನ್ನುತ್ತಾರೆ.

ಆಮಂತ್ರಣದಲ್ಲಿ ಜನರಿಗೆ ಹೆಸರಿಡುವ ಗೊಡವೆಯೇ ಬೇಡ, ಏರ್ಪಾಟನ್ನು ಹೇಳಿ: ‘ಆಫೀಸಿನ ಪಕ್ಕದ ಗೇಟಿನಿಂದ ಮೆಟ್ಟಿಲಿಲ್ಲದ ದಾರಿ ಇದೆ. ಮೊದಲ ಸಾಲಿನಲ್ಲಿ ಗಾಲಿಕುರ್ಚಿಗೆ ಜಾಗ ಬಿಟ್ಟಿದ್ದೇವೆ.’ ಮಂಡಿನೋವಿನ ಅಜ್ಜಿಗೂ ಇದು ತನಗೇ ಬರೆದದ್ದು ಅನ್ನಿಸುತ್ತದೆ. ಬರೆದ ಮೇಲೆ ಏರ್ಪಾಟು ಇರಲೇಬೇಕು. ಒಂದು ಅಡಿ ಎತ್ತರದ ಜಗುಲಿಗೆ 12 ಅಡಿ ಉದ್ದದ ಇಳಿಜಾರು ಬೇಕು. ನಾಲ್ಕಡಿ ಹಲಗೆ ಒರಗಿಸಿಟ್ಟರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಬಾಗಿಲು 90 ಸೆಂಟಿಮೀಟರ್ ಅಗಲವಿರಲಿ. ‘ದಿವ್ಯಾಂಗ’ ಎಂದು ಕೈಮುಗಿದು, ಶೌಚಾಲಯಕ್ಕೆ ಎರಡು ಮೆಟ್ಟಿಲು ಕಟ್ಟಿದರೆ ಆ ದಿವ್ಯದಿಂದ ಯಾರಿಗೂ ಉಪಯೋಗವಿಲ್ಲ. ತಮ್ಮನ್ನು ಹಾಗೆ ಕರೆದುಕೊಳ್ಳುವವರನ್ನು ಹಾಗೇ ಕರೆಯಿರಿ, ಉಳಿದವರ ಮೇಲೆ ಹೇರಬೇಡಿ.

ಎರಡು ಬಗೆಯ ಪದಗಳನ್ನು ಮಾತ್ರ ಬಿಟ್ಟೇಬಿಡಿ. ‘ಕಿವುಡ-ಮೂಗ’ ತಪ್ಪು, ಏಕೆಂದರೆ ಕಿವಿ ಕೇಳಿಸದ ಹೆಚ್ಚಿನವರ ಗಂಟಲು ಸರಿಯಾಗಿಯೇ ಇರುತ್ತದೆ. ಸನ್ನೆ ಭಾಷೆ ಬಳಸುವ ಅನೇಕರಿಗೆ ‘ಕಿವುಡ’ ಎಂಬುದರಲ್ಲಿ ಸಂಕೋಚವೂ ಇಲ್ಲ. ಇನ್ನೊಂದು, ‘ಪೀಡಿತ’, ‘ಬಳಲುತ್ತಿರುವ’ ಎಂಬ ಬಾಲಂಗೋಚಿ. ವ್ಯಕ್ತಿಯ ಕೊರತೆಯನ್ನೇ ಎತ್ತಿ ತೋರಿಸುವ ಇಂಥ ಮಾತು ಬೇಡವೆಂದು 2024ರ ಜುಲೈನಲ್ಲಿ ಸಿನಿಮಾ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಕೆಂದೇ ನಾಲ್ಕು ಜನರೆದುರು ಅವಮಾನಿಸಿದರೆ 2016ರ ಕಾಯ್ದೆಯ 92ನೇ ಸೆಕ್ಷನ್ ಇದೆ: ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಜೈಲು.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಯಕ್ಷಗಾನದಲ್ಲಿ ಸ್ತ್ರೀವೇಷ ಕಲಿಯುತ್ತಿದ್ದಾನೆ. ಶಾಲೆಯಲ್ಲಿ ‘ಹೆಣ್ಣಿಗ’, ‘ಒಂಬತ್ತು’ ಎಂದು ಕಾಡುತ್ತಾರೆ. ಏನು ಹೇಳಲಿ?
– ತಾಯಿಯೊಬ್ಬರು, ಹೊನ್ನಾವರ

ಉತ್ತರ: ಇಲ್ಲಿ ಮೂರು ಸಂಗತಿಗಳು ಒಂದೇ ಗಂಟಾಗಿವೆ. ವೇಷ ಒಂದು ವಿದ್ಯೆ. ಸೀರೆಯ ನೆರಿಗೆ, ಕತ್ತಿನ ಕೊಂಕು, ಹೆಜ್ಜೆಯ ಹದ ಎಲ್ಲ ಅಭ್ಯಾಸದಿಂದ ಬಂದದ್ದು, ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಎಣ್ಣೆ ಹಚ್ಚಿ ಬಣ್ಣ ಒರೆಸಿದರೆ ಅಂದಿಗೆ ಮುಗಿಯಿತು. ತಾನು ಗಂಡೋ ಹೆಣ್ಣೋ ಬೇರೆಯೋ ಎಂಬ ಒಳಗಿನ ಅರಿವು ಎರಡನೆಯದು. ಅದನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಮಾನ್ಯ ಮಾಡಿದೆ. ಯಾರ ಮೇಲೆ ಮನಸ್ಸಾಗುತ್ತದೆ ಎಂಬುದು ಮೂರನೆಯದು; ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ 2018ರ ಸೆಪ್ಟೆಂಬರ್ 6ರಿಂದ ಅಪರಾಧವಲ್ಲ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ಶಾಲೆಗೆ ಹೋದಾಗ ಹೆಚ್ಚಿನ ತಂದೆತಾಯಿ ‘ನಮ್ಮ ಹುಡುಗ ಅಂಥವನಲ್ಲ’ ಎನ್ನುತ್ತಾರೆ. ಹಾಗನ್ನಬೇಡಿ. ‘ಅಂಥವನಾಗುವುದು’ ಬೈಗುಳಕ್ಕೆ ತಕ್ಕ ವಿಷಯ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ, ಅದೇ ತರಗತಿಯಲ್ಲಿ ಬಾಯಿಬಿಡದೆ ಕೂತಿರುವ ಇನ್ನೊಂದು ಮಗುವಿಗೂ ಅದು ತಾಗುತ್ತದೆ. ಯಾವ ಪದ, ಯಾರು, ಎಲ್ಲಿ, ಯಾವ ದಿನ ಎಂದು ಚೀಟಿಯಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಪ್ರಸ್ತಾಪಿಸುವುದು ಬೇಡವೆಂದೂ ತಿಳಿಸಿ. ಹಾಗೆ ಮಾಡಿದರೆ ಅಡ್ಡಹೆಸರು ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ.

ಪದಗಳ ವಿಚಾರ: ‘ಹಿಜಡಾ’ ಗುರು-ಶಿಷ್ಯ ಪರಂಪರೆಯುಳ್ಳ ಸಮುದಾಯದ ಹೆಸರು, ‘ಜೋಗಪ್ಪ’ ಯಲ್ಲಮ್ಮನಿಗೆ ಮುಡಿಪಾದವರ ಹೆಸರು. ಹೊರಗಿನವರ ಬಾಯಲ್ಲಿ ಬೈಗುಳವಾಗುತ್ತವೆ, ಅಷ್ಟೇ. ಸರ್ಕಾರಿ ಕಾಗದದಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದಿದೆ. ಗೊತ್ತಾಗದಿದ್ದರೆ ‘ಅವರು’ ಅನ್ನಿ. ಕನ್ನಡದಲ್ಲಿ ಈ ಅನುಕೂಲ ಮೊದಲಿನಿಂದಲೂ ಇದೆ.

ಪ್ರಶ್ನೆ: ಸಮಾಜಶಾಸ್ತ್ರದಲ್ಲಿ ‘ವಿಚಲನೆ’ಗೂ ಅಪರಾಧಕ್ಕೂ ಏನು ವ್ಯತ್ಯಾಸ?
– ಪಿಯು ವಿದ್ಯಾರ್ಥಿನಿ, ಕುಮಟಾ

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಇಳಿದರೆ ಕಾನೂನು ಮುರಿದಂತೆ. ಆದರೆ ಊರಲ್ಲಿ ಯಾರೂ ‘ನಡತೆಗೆಟ್ಟವ’ ಎನ್ನುವುದಿಲ್ಲ. ಗಂಡ ತೀರಿಕೊಂಡವಳು ಅಬ್ಬಲಿಗೆ ಮುಡಿದರೆ ಯಾವ ಕಾನೂನೂ ಮುರಿಯುವುದಿಲ್ಲ, ಬಾಯಿಗಳು ಮಾತ್ರ ಸುಮ್ಮನಿರುವುದಿಲ್ಲ. ಮೊದಲನೆಯದು ಅಪರಾಧ, ಎರಡನೆಯದು ವಿಚಲನೆ. ಕಳವು ಎರಡೂ ಹೌದು. ವಿಚಲನೆ ಕೃತ್ಯದೊಳಗಿಲ್ಲ, ಅದಕ್ಕೆ ಹಣೆಪಟ್ಟಿ ಹಚ್ಚುವವರ ಕೈಯಲ್ಲಿದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್ 1963ರಲ್ಲಿ ವಾದಿಸಿದರು. ಬ್ರಿಟಿಷರು 1871ರ ಕಾಯ್ದೆಯಲ್ಲಿ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿದರು. 1952ರಲ್ಲಿ ಪಟ್ಟಿ ಹೋಯಿತು, ‘ವಿಮುಕ್ತ’ ಎಂಬ ಹೆಸರು ಬಂತು, ಅನುಮಾನ ಹೋಗಲಿಲ್ಲ. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆಯಿರಿ.

ಪ್ರಶ್ನೆ: ಸ್ಥಳೀಯ ಪತ್ರಿಕೆಗೆ ಸುದ್ದಿ ಬರೆಯುತ್ತೇನೆ. ‘ಮಾನಸಿಕ ಅಸ್ವಸ್ಥನೆನ್ನಲಾದ ವ್ಯಕ್ತಿ’ ಎಂದು ಬರೆಯಬಹುದೇ?
– ಓದುಗರು, ಕಾರವಾರ

ಉತ್ತರ: ‘ಎನ್ನಲಾದ’ ಅಂದರೆ ಯಾರು ಅಂದದ್ದು? ವೈದ್ಯರು ಅಂದಿಲ್ಲವಾದರೆ ಕಿತ್ತುಹಾಕಿ. ಒಬ್ಬ ತನ್ನ ಊರಿನ ನೀತಿ, ನಂಬಿಕೆಗಳಿಗೆ ಹೊಂದಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅವನನ್ನು ಮನೋರೋಗಿ ಎನ್ನುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಹೇಳುವುದೇ ಇದನ್ನು. ಮಾಡಿದ್ದನ್ನಷ್ಟೇ ಬರೆಯಿರಿ: ‘ಬಸ್ಸಿಗೆ ಕಲ್ಲು ಎಸೆದ’ ಎಂದರೆ ಸಾಕು. ಬೌದ್ಧಿಕ ವೈಕಲ್ಯವನ್ನು ಇದರೊಂದಿಗೆ ಬೆರೆಸಬೇಡಿ. ಅದು ಕಾಯಿಲೆಯಲ್ಲ, ಅದೇ ಕಾಯ್ದೆ ಅದನ್ನು ಹೊರಗಿಟ್ಟಿದೆ. ‘ಆತ್ಮಹತ್ಯೆಗೆ ಶರಣು’ ಎಂಬ ಸವೆದ ತಲೆಬರಹ ಬಿಟ್ಟು, ಸುದ್ದಿಯ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಹಾಕಿ.

ಶಿರಸಿ ಕಡೆಯ ‘ಮಳ್ಳ’, ನಿಮ್ಮ ಕೊಂಕಣಿಯ ‘ಪಿಸೊ’ ಎರಡರ ಅರ್ಥವೂ ‘ಹುಚ್ಚ’; ಅಜ್ಜಿ ಮೊಮ್ಮಗನಿಗೆ ಅಂದರೆ ಮುದ್ದು. ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಆ ತಮಾಷೆ ನಿಲ್ಲಿಸಿ; ಹೆಸರಿಗೆ ಹೆದರಿ ಮಾತ್ರೆ ಬಿಡುವವರಿದ್ದಾರೆ.

ಪ್ರಶ್ನೆ: ಸಿದ್ದಿಯರನ್ನು ಸಭೆಯಲ್ಲಿ ‘ಆಫ್ರಿಕಾದ ಅತಿಥಿಗಳು’ ಎಂದು ಸ್ವಾಗತಿಸಿದರೆ ತಪ್ಪೇ?
– ಓದುಗರು, ಅಂಕೋಲಾ

ಉತ್ತರ: ತಪ್ಪು. ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು ನಿಜ, ಆದರೆ ಶತಮಾನಗಳಿಂದ ಇದೇ ಜಿಲ್ಲೆಯ ಕಾಡಂಚಿನಲ್ಲಿ ಬೇಸಾಯ ಮಾಡಿಕೊಂಡಿರುವವರು ಅತಿಥಿಗಳು ಹೇಗಾದಾರು? 2003ರಿಂದ ಉತ್ತರ ಕನ್ನಡದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. ವೇದಿಕೆಗೆ ಕರೆಯುವಾಗ ಉಳಿದವರಂತೆ ಹೆಸರು, ಊರು, ಕೆಲಸ ಹೇಳಿ. ಕೂದಲು, ಬಣ್ಣದ ವರ್ಣನೆ ಬೇಡ.