ಸೆಕೆಂಡ್ ಹ್ಯಾಂಡ್ ಕಾರಿನ ಹಳೇ ಅಲಾರಂ: ಮೊದಲು ಸೆಲ್ಫ್ ವೈರ್ ಹುಡುಕಿ

ನೀವು ಮಂಡ್ಯದಲ್ಲಿ ಹಳೇ ವ್ಯಾಗನ್ ಆರ್ ತಗೊಂಡಿದ್ದೀರಿ. ಹಿಂದಿನವರು ಹೊರಗಡೆ ಹಾಕಿಸಿದ ಅಲಾರಂ ಅದರಲ್ಲಿದೆ, ರಿಮೋಟ್ ಇಲ್ಲ. ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಹೋದರೆ ಸಾಕು, ಕೂಗಿಕೊಳ್ಳುತ್ತದೆ. ವೈರ್ ಕತ್ತರಿಸಿ ಬಿಸಾಡಬಹುದಾ ಅಂತ ಕೇಳಿದ್ದೀರಿ.

ಬೇಡ. ನಾನು ಅದನ್ನೇ ಮಾಡಿ ಕೆಟ್ಟಿದ್ದೇನೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ, ಕೆಎ-11 ನಂಬರಿನ ಹಳೇ ಆಲ್ಟೊ. ಒಂದು ರಾತ್ರಿ ಸಿಟ್ಟು ಬಂದು ಅಲಾರಂ ಡಬ್ಬಿಯ ವೈರ್‌ಗಳನ್ನೆಲ್ಲ ಕತ್ತರಿಸಿಬಿಟ್ಟೆ. ಬೆಳಿಗ್ಗೆ ಅಮ್ಮನನ್ನು ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಕೀ ತಿರುಗಿಸಿದರೆ ಮೀಟರಿನ ದೀಪ ಎಲ್ಲ ಬರುತ್ತದೆ, ಸೆಲ್ಫ್ ಮಾತ್ರ ಎತ್ತುವುದಿಲ್ಲ. ಕೊನೆಗೆ ಆಟೋದಲ್ಲಿ ಹೋದೆವು.

ಕಾರಣ ಇದು. ಅಲಾರಂ ಹಾಕುವವರು ಎಷ್ಟೋ ಸಲ ಕೀ ಸ್ವಿಚ್‌ನಿಂದ ಸೆಲ್ಫ್‌ಗೆ, ಅಂದರೆ ಸ್ಟಾರ್ಟರ್‌ಗೆ, ಹೋಗುವ ವೈರನ್ನು ನಡುವೆ ಕತ್ತರಿಸಿ, ಅಲ್ಲಿ ಒಂದು ರಿಲೇ (ಕರೆಂಟ್ ಕೊಟ್ಟಾಗ ತಾನೇ ಆನ್-ಆಫ್ ಆಗುವ ಸಣ್ಣ ಸ್ವಿಚ್) ಕೂರಿಸುತ್ತಾರೆ. ಕೆಲವು ಗಾಡಿಗಳಲ್ಲಿ ಡಬ್ಬಿ ಸತ್ತರೂ ರಿಲೇ ದಾರಿ ಬಿಡುತ್ತದೆ. ಕೆಲವುದರಲ್ಲಿ ಡಬ್ಬಿ ಒಪ್ಪಿಗೆ ಕೊಟ್ಟರೆ ಮಾತ್ರ ಬಿಡುತ್ತದೆ. ನನ್ನದು ಎರಡನೇ ತರಹದ್ದು. ಸೈರನ್ ಬಾಯಿ ಮುಚ್ಚಿಸುವುದು ಸುಲಭ, ಆ ಕತ್ತರಿಸಿದ ವೈರನ್ನು ಮೊದಲಿನಂತೆ ಸೇರಿಸುವುದೇ ನಿಜವಾದ ಕೆಲಸ.

ಹಗಲಿನಲ್ಲೇ ಶುರು ಮಾಡಿ. 10ರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ. ಕೆಲವು ಸೈರನ್‌ಗಳ ಒಳಗೇ ಸಣ್ಣ ಬ್ಯಾಟರಿ ಇರುತ್ತದೆ, ಆಗ ಮೈನಸ್ ಬಿಚ್ಚಿದರೂ ಕೂಗುತ್ತದೆ. ಅದರ ಪಕ್ಕದಲ್ಲಿ ಸಣ್ಣ ಕೀ ತೂತು ಇದೆಯಾ ನೋಡಿ, ಅದು ಆಫ್ ಮಾಡುವ ಜಾಗ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹತ್ತು ನಿಮಿಷ ಬಿಟ್ಟು ಕೈ ಹಾಕಿ, ಹಳದಿ ವೈರ್, ಹಳದಿ ಕನೆಕ್ಟರ್ ಮುಟ್ಟಲೇಬೇಡಿ.

ಸ್ಟೇರಿಂಗ್ ಕೆಳಗಿನ ಕವರ್ ತೆಗೆದರೆ ಡಬ್ಬಿ ಸಾಮಾನ್ಯವಾಗಿ ಅಲ್ಲೇ ಎಲ್ಲೋ ಕಟ್ಟಿರುತ್ತದೆ. ಕಂಪನಿ ವೈರಿಂಗ್ ಅಚ್ಚುಕಟ್ಟಾಗಿರುತ್ತದೆ. ಕರೀ ಟೇಪಿನ ಗಂಟುಗಳು, ಬಿಸಿಲಿಗೆ ಅಂಟಂಟಾಗಿರುವುದು, ಅವೇ ಅಲಾರಂನವರ ಕೈಕೆಲಸ. ಬಿಚ್ಚುವ ಮುಂಚೆ ಫೋಟೊ ತೆಗೆದುಕೊಳ್ಳಿ.

ಈಗ ರಿಲೇ. ಕಾಲುಗಳ ಹತ್ತಿರ 30, 85, 86, 87, 87ಎ ಅಂತ ಬರೆದಿರುತ್ತದೆ. 85, 86ಕ್ಕೆ ಬರುವ ಸಣ್ಣ ವೈರ್‌ಗಳು ರಿಲೇಯನ್ನು ಆನ್ ಮಾಡುವುದಕ್ಕೆ ಇರುವಂಥವು, ಅವನ್ನು ತೆಗೆದು ಬಿಡಿ. ಕತ್ತರಿಸಿದ ವೈರಿನ ಎರಡು ತುದಿ ಸಾಮಾನ್ಯವಾಗಿ ಒಂದು 30ರಲ್ಲಿ, ಇನ್ನೊಂದು 87 ಅಥವಾ 87ಎನಲ್ಲಿ ಇರುತ್ತದೆ. ಅಲಾರಂನವರು ನಡುವೆ ತಮ್ಮದೇ ತುಂಡು ವೈರ್ ಹಾಕಿದ್ದರೆ ಅದರ ಹಿಂದೆಯೇ ಹೋಗಿ. ಕೊನೆಗೆ ಸಿಗುವ ಎರಡು ಕಂಪನಿ ತುದಿಗಳದ್ದು ಒಂದೇ ಬಣ್ಣ. ಯಾಕೆಂದರೆ ಅದು ಮೊದಲು ಒಂದೇ ವೈರ್ ಅಲ್ವಾ! ಆ ಎರಡನ್ನೂ ಸೇರಿಸಿ. ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ, ಅಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ, ಬಿಸಿಯಾಗುತ್ತದೆ. ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ವೈರಿಗೆ ಬಿಗಿಯಾಗಿ ಕೂರುವ ಕೊಳವೆ) ಹಾಕಿ. ಪೆಟ್ರೋಲ್ ಪಂಪಿನ ವೈರನ್ನೂ ಹೀಗೇ ಕತ್ತರಿಸಿರಬಹುದು, ಇನ್ನೊಂದು ರಿಲೇ ಇದೆಯಾ ಹುಡುಕಿ.

ಇಂಡಿಕೇಟರ್, ಡೋರ್ ಸ್ವಿಚ್‌ಗೆ ಹೋದ ವೈರ್‌ಗಳು ಹೆಚ್ಚಾಗಿ ಕಂಪನಿ ವೈರ್ ಕತ್ತರಿಸದೆ ಮೇಲಿಂದ ಅಂಟಿಸಿದವು. ತೆಗೆದು, ಬರಿ ತಾಮ್ರ ಕಾಣದಂತೆ ಟೇಪ್ ಸುತ್ತಿದರೆ ಆಯಿತು. ಸೆಂಟರ್ ಲಾಕ್ ಇದೇ ಡಬ್ಬಿಯಿಂದ ನಡೆಯುತ್ತಿದ್ದರೆ ಅದೂ ಹೋಗುತ್ತದೆ, ಬೇಕಾ ಬೇಡವಾ ಮೊದಲೇ ಯೋಚಿಸಿ. ಕಂಪನಿ ಕೀಯೊಳಗಿನ ಚಿಪ್ ಬೇರೆ, ಅದಕ್ಕೆ ಏನೂ ಆಗುವುದಿಲ್ಲ.

ಎಲ್ಲ ಆದಮೇಲೆ ಮೈನಸ್ ಕೇಬಲ್ ಮತ್ತು ಬ್ಯಾಟರಿ ನಡುವೆ ಮಲ್ಟಿಮೀಟರ್ ಇಟ್ಟು, ನಿಂತ ಗಾಡಿ ಎಷ್ಟು ಕರೆಂಟ್ ತಿನ್ನುತ್ತಿದೆ ನೋಡಿ. ಕೀ ಆಫ್, ಬಾಗಿಲು ಮುಚ್ಚಿರಲಿ. 50 ಮಿಲಿಆಂಪಿಗಿಂತ ಕಡಿಮೆ ಇದ್ದರೆ ಸರಿ. ಮೀಟರ್ ಸಿಕ್ಕಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ.

ಕೈ ಹಾಕಲು ಧೈರ್ಯ ಬರದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. "ಅಲಾರಂ ತೆಗೀರಿ" ಅಂತಷ್ಟೇ ಹೇಳಬೇಡಿ, "ಸೆಲ್ಫ್ ವೈರ್ ಮೊದಲಿನ ಹಾಗೆ ಸೇರಿಸಿ, ರಿಲೇ ನನ್ನ ಕೈಗೆ ಕೊಡಿ" ಅನ್ನಿ. ನೀವೇ ಬಿಚ್ಚುವುದಾದರೆ ರಿಲೇಯ ಕಾಲುಗಳು ಕಾಣುವ ಹಾಗೆ ಒಂದು ಫೋಟೊ ಇಲ್ಲಿ ಹಾಕಿ, ಯಾವ ಎರಡು ವೈರ್ ಸೇರಿಸಬೇಕು ಅಂತ ನೋಡಿ ಹೇಳುತ್ತೇನೆ.