ಚಾರ್ಲಿ ಪ್ರೈಡ್ ಹೆದರಿ ಸುಮ್ಮನಿದ್ದರೇ?

ಹಾಸನದ ಓದುಗರಿಗೆ ನಮಸ್ಕಾರ.

ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ 'ಕಂಟ್ರಿ' ಸಂಗೀತದ ಗಾಯಕ ಚಾರ್ಲಿ ಪ್ರೈಡ್ ಬಗ್ಗೆ ನಾವು ಹಾಕಿದ್ದ ಪುಟ್ಟ ಟಿಪ್ಪಣಿ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕಪ್ಪು ಜನಾಂಗದವರಾಗಿ ಅವರು ಬಿಳಿಯರ ಹಾಡನ್ನೇ ಏಕೆ ಹಿಡಿದರು? ತಮ್ಮ ಜನ ಹಕ್ಕಿಗಾಗಿ ಬೀದಿಗಿಳಿದಿದ್ದಾಗ ಇವರು ಪ್ರೇಮಗೀತೆ ಹಾಡಿಕೊಂಡಿದ್ದದ್ದು ಹೇಡಿತನ ಅಲ್ವಾ? ಎರಡು ಸಾಲಿನ ಉತ್ತರ ಬೇಡ ಅಂತಲೂ ಬರೆದಿದ್ದೀರಿ. ಸರಿ, ಉದ್ದವಾಗಿಯೇ ಬರೆಯುತ್ತೇನೆ.

ಬಿಳಿಯರ ಹಾಡು ಅನ್ನುವುದು ಅರ್ಧ ಸತ್ಯ. ಬ್ಯಾಂಜೊ ಎಂಬ ತಂತಿವಾದ್ಯ ಇಲ್ಲದ ಹಳೆಯ ಕಂಟ್ರಿ ಸಂಗೀತವನ್ನು ನೆನೆಸಿಕೊಳ್ಳುವುದೇ ಕಷ್ಟ. ಆ ವಾದ್ಯದ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ, ಗುಲಾಮರ ಜೊತೆ ಅದು ಅಮೆರಿಕಕ್ಕೆ ಬಂತು. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರದ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೊ ಕಾರ್ಯಕ್ರಮದ ಮೊದಲ ತಾರೆಯರಲ್ಲಿ ಡಿಫೋರ್ಡ್ ಬೇಲಿ ಎಂಬ ಕಪ್ಪು ಹಾರ್ಮೋನಿಕಾ ವಾದಕರಿದ್ದರು. ಪ್ರೈಡ್ ಅವರ ಅಪ್ಪ ಮನೆಯಲ್ಲಿ ಹಾಕುತ್ತಿದ್ದದ್ದೂ ಇದೇ ಕಾರ್ಯಕ್ರಮ. ಊರು ಮಿಸಿಸಿಪಿಯ ಸ್ಲೆಡ್ಜ್. ಬೇರೆಯವರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದ ಮನೆ, 11 ಮಕ್ಕಳು. 1934ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಕೇಳಿ ಬೆಳೆದದ್ದನ್ನು ಹಾಡಿದ, ಅಷ್ಟೇ.

ಅದಿರಲಿ, ಅವರಿಗೆ ಮೊದಲು ಬೇಕಾಗಿದ್ದದ್ದು ಹಾಡೇ ಅಲ್ಲ, ಬೇಸ್‌ಬಾಲ್. ಕಪ್ಪು ಆಟಗಾರರಿಗೆಂದೇ ಇದ್ದ ಲೀಗ್‌ನಲ್ಲಿ ಪಿಚರ್ (ಚೆಂಡು ಎಸೆಯುವವ) ಆಗಿದ್ದರು. ಲೂಯಿವಿಲ್ ತಂಡದವರು ಇವರನ್ನೂ ಇನ್ನೊಬ್ಬ ಆಟಗಾರನನ್ನೂ ಬರ್ಮಿಂಗ್‌ಹ್ಯಾಮ್ ತಂಡಕ್ಕೆ ಕೊಟ್ಟು ಬದಲಿಗೆ ಒಂದು ಬಸ್ಸು ತಗೊಂಡರು! ಪ್ರೈಡ್ ಇದನ್ನು ನಗುತ್ತಲೇ ಹೇಳುತ್ತಿದ್ದರು. ಆಮೇಲೆ ಮೊಂಟಾನಾದ ಸೀಸ ಕರಗಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲಿನ ತಂಡಕ್ಕೆ ಆಡಿದರು. ಪಂದ್ಯಕ್ಕೆ ಮುಂಚೆ ಮೈದಾನದಲ್ಲಿ ಹಾಡಿದರೆ ಹತ್ತು ಡಾಲರ್ ಜಾಸ್ತಿ ಸಿಗುತ್ತಿತ್ತು. ದೊಡ್ಡ ಲೀಗ್‌ನ ಬಾಗಿಲು ತೆರೆಯಲಿಲ್ಲ, ಹಾಡು ಕೈ ಹಿಡಿಯಿತು.

ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಮೂಲಕ ಆರ್‌ಸಿಎ ಎಂಬ ರೆಕಾರ್ಡ್ ಕಂಪನಿ ಸೇರಿದರು. ಮೊದಲ ರೆಕಾರ್ಡ್ ಬಂದದ್ದು 1966ರಲ್ಲಿ. ಮೊದಮೊದಲ ರೆಕಾರ್ಡ್‌ಗಳು ರೇಡಿಯೊ ಕೇಂದ್ರಗಳಿಗೆ ಹೋದಾಗ, ಹಾಡುವವರು ಕಪ್ಪು ಜನಾಂಗದವರೆಂದು ಗೊತ್ತಾಗದಿರಲಿ ಅಂತ, ಜೊತೆಗೆ ಫೋಟೊ ಇರಲಿಲ್ಲ. ನಿಮಗೆ ಸಿಟ್ಟು ಬಂದದ್ದು ಇದಕ್ಕೇ. ನನಗೂ ಇದು ಇಷ್ಟವಾಗುವ ಸಂಗತಿ ಅಲ್ಲ. ಆದರೆ ಫೋಟೊ ಬಚ್ಚಿಟ್ಟದ್ದು ಕಂಪನಿ. ವೇದಿಕೆ ಮೇಲೆ ಹೋಗಿ ನಿಲ್ಲಬೇಕಾದವರು ಪ್ರೈಡ್.

ಡೆಟ್ರಾಯಿಟ್‌ನ ಒಲಿಂಪಿಯಾ ಕ್ರೀಡಾಂಗಣದಲ್ಲಿ ಹಾಗೆ ನಿಂತರು. ಸುಮಾರು 10,000 ಜನ. ಹೆಸರು ಕೂಗಿದಾಗ ಜೋರು ಚಪ್ಪಾಳೆ. ಮುಖ ಕಂಡದ್ದೇ ತಡ, ಸದ್ದು ಅಡಗಿತು. ಬಿಸಿಲಲ್ಲಿ ಮಲಗಿ ಮೈ ಕಂದಿಸಿಕೊಳ್ಳುವುದು ಅಲ್ಲಿನ ಬಿಳಿಯರ ಶೋಕಿ. ತನ್ನ ಮೈಗೆ ಆ ಬಣ್ಣ ಖಾಯಂ ಆಗಿಯೇ ಇದೆ, ಹೀಗಿರುವವನು ಕಂಟ್ರಿ ಹಾಡುವುದು ವಿಚಿತ್ರವೇ ಸರಿ ಅಂತ ಪ್ರೈಡ್ ತಮಾಷೆ ಮಾಡಿದರು. ಜನ ನಕ್ಕರು, ಕೇಳಿದರು, ಚಪ್ಪಾಳೆ ತಟ್ಟಿದರು. ಅಷ್ಟು ಜನರ ಮೌನದ ಎದುರು ಬಾಯಿ ಬಿಡಲು ಎಷ್ಟು ಗುಂಡಿಗೆ ಬೇಕು, ನೀವೇ ಹೇಳಿ.

ನಿಮ್ಮ ಪತ್ರದಲ್ಲಿ ಹುರುಳಿಲ್ಲ ಅನ್ನುತ್ತಿಲ್ಲ. ಅವರು ಹೋರಾಟದ ಹಾಡುಗಾರ ಆಗಲಿಲ್ಲ, ಆಗುವ ಆಸೆಯೂ ಇದ್ದಂತಿಲ್ಲ. ತನ್ನ ಬಣ್ಣದ ಬಗ್ಗೆಯೇ ಮಾತು ಎಳೆಯುವವರನ್ನು ಕಂಡರೆ ಅವರಿಗೆ ಬೇಸರ. ಆದರೆ ಹೇಡಿ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. 1976ರಲ್ಲಿ ಬಾಂಬು, ಗುಂಡಿನ ಭಯಕ್ಕೆ ಹೊರಗಿನ ಕಲಾವಿದರು ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್ ಕಡೆ ತಲೆ ಹಾಕದಿದ್ದಾಗ ಇವರು ಹೋಗಿ ರಿಟ್ಜ್ ಚಿತ್ರಮಂದಿರದಲ್ಲಿ ಹಾಡಿದರು. ಅಲ್ಲಿ ಆಗ ಪರಸ್ಪರ ಹಗೆ ಸಾಧಿಸುತ್ತಿದ್ದ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಇಬ್ಬರೂ ಬಂದು ಕೇಳಿದರು. 1994ರ ಆತ್ಮಕಥೆಯಲ್ಲಿ ತಮ್ಮ ಮನಸ್ಸಿನ ಕಾಯಿಲೆಯನ್ನು ತಾವೇ ಬಿಚ್ಚಿಟ್ಟರು. ಆಗಿನ ಕಾಲಕ್ಕೆ ಒಬ್ಬ ತಾರೆಗೆ ಅದು ಸಣ್ಣ ಮಾತಲ್ಲ.

ಪ್ರಶಸ್ತಿಗಳ ಪಟ್ಟಿ ಕೊಡುವುದಿಲ್ಲ. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ 29 ಹಾಡು ಮೊದಲ ಸ್ಥಾನಕ್ಕೇರಿದವು ಅಂದರೆ ಸಾಕು. ನಿಮ್ಮ ಸಿಟ್ಟನ್ನು ಬೇರೆ ಕಡೆ ತಿರುಗಿಸುವುದಾದರೆ ಈ ಲೆಕ್ಕ ನೋಡಿ. 1983ರಲ್ಲಿ ಪ್ರೈಡ್ ಅವರ ಕೊನೆಯ ನಂಬರ್ ಒನ್ ಹಾಡು ಬಂತು. ಅವರ ನಂತರ ಮತ್ತೊಬ್ಬ ಕಪ್ಪು ಗಾಯಕ, ಡೇರಿಯಸ್ ರಕರ್, ಒಬ್ಬರೇ ಹಾಡಿ ಆ ಜಾಗಕ್ಕೆ ಬಂದದ್ದು 2008ರಲ್ಲಿ. ನಡುವೆ 25 ವರ್ಷ! ಅಷ್ಟು ಕಾಲ ಇನ್ನೊಬ್ಬರನ್ನು ಬೆಳೆಸದೆ, ಪ್ರೈಡ್ ಒಬ್ಬರನ್ನೇ ತೋರಿಸಿ ನಾವು ಭೇದ ಮಾಡುವವರಲ್ಲ ಅನ್ನುವ ಅನುಕೂಲ ನ್ಯಾಶ್‌ವಿಲ್‌ನ ಕಂಪನಿಗಳಿಗಿತ್ತು. ಅದರ ಲೆಕ್ಕವನ್ನು ಹಾಡಿದವನ ಹತ್ತಿರ ಕೇಳಿದರೆ ಹೇಗೆ?

2020ರ ನವೆಂಬರ್‌ನಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಸಿಕ್ಕಿತು. ಮರುತಿಂಗಳು ಡಲ್ಲಾಸ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು, ಆಗ 86 ವರ್ಷ.

ಹಾಡು ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ. ಫೋರ್ಟ್ ವರ್ತ್‌ನ ಪ್ಯಾಂಥರ್ ಹಾಲ್‌ನಲ್ಲಿ ಜನರ ಮುಂದೆ ಹಾಡಿ ರೆಕಾರ್ಡ್ ಮಾಡಿದ 'ಇನ್ ಪರ್ಸನ್' ಆಲ್ಬಮ್ ತಗೊಳ್ಳಿ. ಅದರಲ್ಲಿ ಹ್ಯಾಂಕ್ ವಿಲಿಯಮ್ಸ್ ಅವರ 'ಕಾ-ಲೈಜಾ' ಇದೆ. ಕೇಳಿ ಮತ್ತೆ ಬರೆಯಿರಿ. ಜಗಳ ಮುಂದುವರಿಸಲು ನಾನು ತಯಾರು.

– ಸಂಪಾದಕ